ಅವಸರವಿಲ್ಲದ ಮಾತ್ರೆ

ಬಿಪಿ ಮಾತ್ರೆ ಶುರುಮಾಡಿದ ಮೂರನೇ ದಿನಕ್ಕೇ ದೂರು ಬರುತ್ತದೆ: 'ತಗೊಂಡು ಏನೂ ಪ್ರಯೋಜನ ಇಲ್ಲ, ನಿನ್ನೆ ನೋಡಿಸಿದರೂ 160 ಇತ್ತು.' ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ಒಂದೆರಡು ತಿಂಗಳು ನುಂಗಿ, 130 ಕಂಡೊಡನೆ ಬಿಪಿ ವಾಸಿಯಾಯಿತೆಂದು ಮಾತ್ರೆ ಬಿಡುತ್ತಾರೆ. ಬಿಟ್ಟ ಮರುದಿನ ನೋಡಿದರೂ ಹೆಚ್ಚೇನೂ ಏರಿರುವುದಿಲ್ಲ. 'ನೋಡಿ, ಮಾತ್ರೆ ಇಲ್ಲದೆಯೂ ಸರಿಯಾಗಿದೆ' ಎಂಬ ಧೈರ್ಯ ಬರುತ್ತದೆ. ಈ ಎರಡೂ ಗುಂಪಿನವರ ಕೈಯಲ್ಲಿರುವುದು ಬಹುಮಟ್ಟಿಗೆ ಒಂದೇ ಔಷಧ, ಅಮ್ಲೋಡಿಪಿನ್. ಇಬ್ಬರೂ ಎಡವಿದ್ದು ಒಂದೇ ಜಾಗದಲ್ಲಿ. ಅದು ನಿಧಾನಕ್ಕೆ ಹತ್ತಿ ನಿಧಾನಕ್ಕೆ ಇಳಿಯುವ ಔಷಧ ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿಲ್ಲ.

ಹೇಳಲೇಬೇಕಾದ ಮಾತು ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರ ಪೈಕಿ ಹೆಚ್ಚೂಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಬಿಪಿ ಹೆಚ್ಚಿದೆ ಅಥವಾ ಅದಕ್ಕಾಗಿ ಅವರು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. 2017ರಲ್ಲಿ ಐದು ರಾಜ್ಯಗಳಲ್ಲಿ ಆರಂಭವಾಗಿ ಆಮೇಲೆ ದೇಶದ ಬೇರೆಡೆಗೂ ಹಬ್ಬಿದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ, ಹಲವು ರಾಜ್ಯಗಳ ಚಿಕಿತ್ಸಾ ಪಟ್ಟಿಯ ಮೊದಲ ಮೆಟ್ಟಿಲೇ 5 ಮಿಲಿಗ್ರಾಂ ಅಮ್ಲೋಡಿಪಿನ್. ಅದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ, ಜನೌಷಧಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಇಷ್ಟು ಜನ ದಿನಾ ನುಂಗುವ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ನುಂಗುವವರಿಗೂ ಗೊತ್ತಿರಬೇಕು.

ನಲ್ಲಿ ನೀರು ಹೇಳಿದ ಗುಟ್ಟು

ಅಮ್ಲೋಡಿಪಿನ್ ಸೇರಿರುವ ಗುಂಪಿಗೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಎಂದು ಹೆಸರು. ಕ್ಯಾಲ್ಸಿಯಂಗೂ ಬಿಪಿಗೂ ಏನು ಸಂಬಂಧ? ಇದಕ್ಕೆ ಉತ್ತರದ ಮೊದಲ ಎಳೆ ಸಿಕ್ಕಿದ್ದು 1880ರ ದಶಕದ ಲಂಡನ್ನಿನಲ್ಲಿ. ಯೂನಿವರ್ಸಿಟಿ ಕಾಲೇಜಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು, ಉಪ್ಪುನೀರಿನಲ್ಲಿ ಅದು ಬಡಿಯುತ್ತಲೇ ಇರುವಂತೆ ನೋಡಿಕೊಳ್ಳುತ್ತಿದ್ದ. ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಉಪ್ಪು ಕದಡಿದ್ದೇನೆಂದೇ ಅವನು ನಂಬಿದ್ದ. ನಿಜಕ್ಕೂ ಬಳಕೆಯಾಗಿದ್ದು ಲಂಡನ್ನಿನ ನಲ್ಲಿ ನೀರು. ಶುದ್ಧ ನೀರನ್ನೇ ಬಳಸಿ ಮತ್ತೆ ಮಾಡಿ ನೋಡಿದಾಗ ಹೃದಯದ ಬಡಿತ ಕುಗ್ಗುತ್ತಾ ಹೋಗಿ ನಿಂತಿತು. ನಲ್ಲಿ ನೀರಿನಲ್ಲಿದ್ದು ಶುದ್ಧ ನೀರಿನಲ್ಲಿ ಇಲ್ಲದಿದ್ದ ಮುಖ್ಯ ವಸ್ತು ಕ್ಯಾಲ್ಸಿಯಂ. ಹೃದಯದ ಸ್ನಾಯು ಕುಗ್ಗಲು ಕ್ಯಾಲ್ಸಿಯಂ ಬೇಕೇಬೇಕು ಎಂದು ಅವನು 1883ರಲ್ಲಿ ಪ್ರಕಟಿಸಿದ. ಇಂದು ಆಸ್ಪತ್ರೆಯಲ್ಲಿ ಕೈಗೆ ಚುಚ್ಚಿ ಹಾಕುವ 'ಆರ್‌ಎಲ್' ಬಾಟಲಿಯ ಮೊದಲಕ್ಷರ ಇದೇ ರಿಂಗರ್‌ನದು.

ರಕ್ತನಾಳದ ಗೋಡೆಯಲ್ಲೂ ಇಂಥದೇ ಸ್ನಾಯು ಇದೆ. ಆ ಸ್ನಾಯುಕೋಶದ ಹೊರಗೆ ಇರುವ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಕೋಶದ ಪೊರೆಯಲ್ಲಿರುವ ಸಣ್ಣ ದಾರಿಗಳು ತೆರೆದಾಗ ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಕೆರೆಯ ತೂಬನ್ನು ಪೂರ್ತಿ ಮುಚ್ಚದೆ ಒಂದಿಷ್ಟು ಇಳಿಸಿದರೆ ಕಾಲುವೆಯ ಹರಿವು ಹೇಗೆ ತಗ್ಗುತ್ತದೋ, ಈ ಮಾತ್ರೆ ಆ ದಾರಿಗಳಲ್ಲಿ ಮಾಡುವುದೂ ಅಷ್ಟೇ. ಒಳಹರಿವು ತಗ್ಗಿದಾಗ ನಾಳದ ಗೋಡೆ ಸಡಿಲವಾಗುತ್ತದೆ, ರಕ್ತ ಹರಿಯಲು ಜಾಗವಾಗುತ್ತದೆ, ಹೃದಯಕ್ಕೆ ತಳ್ಳುವ ಶ್ರಮ ಕಡಿಮೆಯಾಗುತ್ತದೆ.

ಇಲ್ಲಿ ಎರಡು ಸಂದೇಹ ಹುಟ್ಟುತ್ತವೆ. ಮೊದಲನೆಯದು, ಕ್ಯಾಲ್ಸಿಯಂ ತಡೆದರೆ ಕೈಕಾಲಿನ ಶಕ್ತಿ ಉಡುಗುವುದಿಲ್ಲವೇ? ಇಲ್ಲ. ಕೈಕಾಲಿನ ಸ್ನಾಯುಗಳು ತಮ್ಮೊಳಗೇ ಕೂಡಿಟ್ಟುಕೊಂಡ ಕ್ಯಾಲ್ಸಿಯಂನಿಂದ ಕೆಲಸ ಮಾಡುತ್ತವೆ, ಹೊರಗಿನಿಂದ ಬರುವುದನ್ನು ಕಾಯುವುದಿಲ್ಲ. ಎರಡನೆಯದು, ಮೂಳೆ ಸವೆಯುವುದಿಲ್ಲವೇ? ಅದೂ ಇಲ್ಲ. ವಯಸ್ಸಾದ ಹೆಂಗಸರಿಗೆ ಡಾಕ್ಟರು ಒಂದೇ ಚೀಟಿಯಲ್ಲಿ ಕ್ಯಾಲ್ಸಿಯಂ ಮಾತ್ರೆಯನ್ನೂ ಅಮ್ಲೋಡಿಪಿನ್ನನ್ನೂ ಬರೆದಾಗ ಮನೆಯವರಿಗೆ ಗೊಂದಲವಾಗುವುದು ಸಹಜ. ಮಾತ್ರೆ ತಡೆಯುವುದು ರಕ್ತನಾಳದ ಕೋಶದ ಬಾಗಿಲಲ್ಲಿ, ಕರುಳಿನಲ್ಲೂ ಅಲ್ಲ, ಮೂಳೆಯಲ್ಲೂ ಅಲ್ಲ. ರಾಗಿಮುದ್ದೆ, ಹಾಲು, ಮೊಸರು ಯಾವುದನ್ನೂ ಬಿಡಬೇಕಾಗಿಲ್ಲ.

ಒಂದೇ ಗುಂಪು, ಎರಡು ಕವಲು

ಕ್ಯಾಲ್ಸಿಯಂ ತಡೆದು ಚಿಕಿತ್ಸೆ ಮಾಡಬಹುದೆಂದು ತೋರಿಸಿದವನು ಜರ್ಮನಿಯ ಫ್ರೈಬರ್ಗಿನ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್. ಎದೆನೋವಿಗೆಂದು ತಯಾರಾಗಿದ್ದ ವೆರಪಮಿಲ್ ಹೃದಯದ ಬಡಿತದ ಬಲವನ್ನು ಕುಗ್ಗಿಸುವುದನ್ನು 1960ರ ದಶಕದಲ್ಲಿ ಅವನು ಗಮನಿಸಿದ. ಕ್ಯಾಲ್ಸಿಯಂ ಕೊಟ್ಟೊಡನೆ ಆ ಬಲ ಮರಳುತ್ತಿತ್ತು. ಹಾಗಾದರೆ ಔಷಧ ಕ್ಯಾಲ್ಸಿಯಂಗೇ ಅಡ್ಡ ನಿಂತಿದೆ ಎಂದು ಅವನು ಸರಿಯಾಗಿಯೇ ಊಹಿಸಿದ. ಆಮೇಲೆ 1975ರಲ್ಲಿ ಜರ್ಮನಿಯ ಬೇಯರ್ ಕಂಪನಿ ನಿಫೆಡಿಪಿನ್ನನ್ನು ಮಾರುಕಟ್ಟೆಗೆ ತಂದಿತು. ಅದೇ ದಶಕದಲ್ಲಿ ಜಪಾನಿನಿಂದ ಡಿಲ್ಟಿಯಾಜೆಮ್ ಬಂತು.

ಇಂದು ಈ ಗುಂಪಿನಲ್ಲಿ ಎರಡು ಕವಲುಗಳಿವೆ, ಇವೆರಡನ್ನೂ ಬೆರೆಸಿ ಯೋಚಿಸಬಾರದು. ಹೆಸರಿನ ಕೊನೆಯಲ್ಲಿ 'ಡಿಪಿನ್' ಇರುವವು ಒಂದು ಕವಲು: ಅಮ್ಲೋಡಿಪಿನ್, ನಿಫೆಡಿಪಿನ್, ಸಿಲ್ನಿಡಿಪಿನ್. ಇವುಗಳ ಕೆಲಸ ಮುಖ್ಯವಾಗಿ ರಕ್ತನಾಳದ ಮೇಲೆ. ಇನ್ನೊಂದು ಕವಲು ವೆರಪಮಿಲ್ ಮತ್ತು ಡಿಲ್ಟಿಯಾಜೆಮ್. ಇವು ನಾಳವನ್ನು ಸಡಿಲಿಸುವುದರ ಜೊತೆಗೆ ಹೃದಯದ ಬಡಿತವನ್ನೂ ನಿಧಾನ ಮಾಡುತ್ತವೆ. ಅಮ್ಲೋಡಿಪಿನ್ ಜೊತೆಗೆ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಕೊಡುವುದು ಒಳ್ಳೆಯ ಜೋಡಿ. ವೆರಪಮಿಲ್ ಜೊತೆಗೆ ಅದನ್ನೇ ಕೊಟ್ಟರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು, ಹೃದಯದ ವಿದ್ಯುತ್ ಸಂಕೇತವೇ ತಡೆದು ನಿಲ್ಲಬಹುದು. ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿರುವವರಿಗೂ ಈ ಎರಡನೇ ಕವಲು ಹೊಂದುವುದಿಲ್ಲ. ಹಾಗಾಗಿ 'ನಮ್ಮ ಭಾವನಿಗೂ ಇದೇ ಗುಂಪಿನ ಮಾತ್ರೆ ಕೊಟ್ಟಿದ್ದಾರೆ' ಎಂದು ಒಬ್ಬರ ಸ್ಟ್ರಿಪ್ಪಿನಿಂದ ಇನ್ನೊಬ್ಬರು ನುಂಗುವುದು ಹುಡುಗಾಟದ ವಿಷಯವಲ್ಲ.

ಬಿಪಿ ದಡಕ್ಕನೆ ಇಳಿದರೆ

ನಿಫೆಡಿಪಿನ್ ಬಂದ ಹೊಸತರಲ್ಲಿ ವೈದ್ಯರಿಗೆ ಅದರ ವೇಗವೇ ಮೆಚ್ಚುಗೆಯಾಗಿತ್ತು. ಬಿಪಿ 200 ದಾಟಿ ಬಂದ ರೋಗಿಗೆ ಕ್ಯಾಪ್ಸೂಲನ್ನು ಚುಚ್ಚಿ ಒಳಗಿನ ದ್ರವವನ್ನು ನಾಲಿಗೆಯಡಿಗೆ ಹಿಂಡುತ್ತಿದ್ದರು, ಇಲ್ಲವೇ ಕಚ್ಚಿ ನುಂಗಲು ಹೇಳುತ್ತಿದ್ದರು. ಹತ್ತಿಪ್ಪತ್ತು ನಿಮಿಷದಲ್ಲಿ ಪಾದರಸ ಸರ್ರನೆ ಕೆಳಗೆ ಬರುತ್ತಿತ್ತು. ರೋಗಿಗೂ ಸಮಾಧಾನ, ನೋಡುತ್ತಿದ್ದವರಿಗೂ ಸಮಾಧಾನ. ಪ್ರಪಂಚದ ಎಷ್ಟೋ ತುರ್ತು ಚಿಕಿತ್ಸಾ ಕೊಠಡಿಗಳಲ್ಲಿ ವರ್ಷಗಟ್ಟಲೆ ಇದೇ ರೂಢಿಯಾಗಿತ್ತು.

ಆಮೇಲೆ ಕೆಟ್ಟ ಸುದ್ದಿಗಳು ಒಂದೊಂದಾಗಿ ಬಂದವು. ವರ್ಷಗಳಿಂದ ಹೆಚ್ಚಿನ ಒತ್ತಡಕ್ಕೆ ಒಗ್ಗಿಹೋಗಿದ್ದ ಮೆದುಳಿಗೂ ಹೃದಯಕ್ಕೂ ಒತ್ತಡ ಒಮ್ಮೆಗೇ ಕುಸಿದಾಗ ರಕ್ತ ಸಾಲುತ್ತಿರಲಿಲ್ಲ. ಬಿಪಿ ಇಳಿಯಿತೆಂದು ನೋಡುತ್ತಿರುವಾಗಲೇ ಕೆಲವರಿಗೆ ಪಾರ್ಶ್ವವಾಯು ಬಡಿಯಿತು, ಕೆಲವರಿಗೆ ಹೃದಯಾಘಾತವಾಯಿತು, ಸಾವುಗಳೂ ವರದಿಯಾದವು. 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವಿಮರ್ಶೆ ಈ ರೂಢಿಯನ್ನು ನಿಲ್ಲಿಸಬೇಕೆಂದೇ ಕೇಳಿತು. ದ್ರವ ನಾಲಿಗೆಯಡಿ ಹೀರಿಕೆಯೇ ಆಗುವುದಿಲ್ಲ, ಬಹುಪಾಲು ನುಂಗಿಹೋಗಿ ಹೊಟ್ಟೆಯಿಂದಲೇ ರಕ್ತ ಸೇರುತ್ತದೆ ಎಂಬುದೂ ಅಷ್ಟರಲ್ಲಿ ತಿಳಿದಿತ್ತು. ಇಂದು ನಿಫೆಡಿಪಿನ್ ಬಳಕೆಯಲ್ಲಿರುವುದು ಹೆಚ್ಚಾಗಿ ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆಯ ರೂಪದಲ್ಲಿ. ಅಂಥ ಮಾತ್ರೆಯನ್ನು ಜಜ್ಜಿ ಪುಡಿ ಮಾಡಿ ಕೊಟ್ಟರೆ ಆ ಹಳೆಯ ಅಪಾಯವನ್ನೇ ವಾಪಸು ಕರೆದಂತಾಗುತ್ತದೆ. ನುಂಗಲು ಕಷ್ಟವಿರುವ ಹಿರಿಯರಿದ್ದರೆ ಡಾಕ್ಟರಿಗೆ ತಿಳಿಸಿ ಔಷಧವನ್ನೇ ಬದಲಿಸಿಕೊಳ್ಳಬೇಕು. ಗರ್ಭಿಣಿಯರ ಏರಿದ ಬಿಪಿಗೆ ನಿಫೆಡಿಪಿನ್ ಈಗಲೂ ನಂಬಿಕೆಯ ಔಷಧ. ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕಾದ್ದರಿಂದ ಆ ಹೊತ್ತಿನಲ್ಲಿ ಇದರ ಬೆಲೆ ಇನ್ನೂ ಹೆಚ್ಚು.

ಈ ಅವಸರದ ದೋಷ ಇಲ್ಲದ ಔಷಧವಾಗಿ ಬಂದದ್ದು ಅಮ್ಲೋಡಿಪಿನ್. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನ ಫೈಜರ್ ಪ್ರಯೋಗಾಲಯದಲ್ಲಿ ಸೈಮನ್ ಕ್ಯಾಂಬೆಲ್ ತಂಡ ಅದನ್ನು ರೂಪಿಸಿತು. 1992ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೆಳಿಗ್ಗೆ ನುಂಗಿದ ಮಾತ್ರೆ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು 6ರಿಂದ 12 ಗಂಟೆ ಹಿಡಿಯುತ್ತದೆ. ಅದರಲ್ಲಿ ಅರ್ಧದಷ್ಟು ದೇಹದಿಂದ ಹೊರಹೋಗಲು 30ರಿಂದ 50 ಗಂಟೆ ಬೇಕು, ವಯಸ್ಸಾದವರಲ್ಲಿ ಮತ್ತು ಲಿವರ್ ಕೆಟ್ಟವರಲ್ಲಿ ಇನ್ನೂ ಹೆಚ್ಚು. ದಿನಕ್ಕೊಂದರಂತೆ ತೆಗೆದುಕೊಂಡರೆ ಒಂದು ವಾರದ ಹೊತ್ತಿಗೆ ರಕ್ತದಲ್ಲಿ ಅದರ ಪ್ರಮಾಣ ಒಂದು ಮಟ್ಟಕ್ಕೆ ನಿಲ್ಲುತ್ತದೆ.

ಮೊದಲು ಹೇಳಿದ ಇಬ್ಬರ ಗೊಂದಲಕ್ಕೂ ಉತ್ತರ ಈ ಅಂಕಿಗಳಲ್ಲೇ ಇದೆ. ಮೂರನೇ ದಿನ ಬಿಪಿ ಇಳಿಯಲಿಲ್ಲವೆಂದು ಅಳುಕುವುದು ಬೇಡ, ಔಷಧ ಇನ್ನೂ ಪೂರ್ತಿ ತುಂಬಿಕೊಂಡಿಲ್ಲ. ಪೂರ್ಣ ಫಲ ತೂಗಿ ನೋಡಲು ವಾರಗಳು ಬೇಕು, ಡೋಸ್ ಏರಿಸುವ ನಿರ್ಧಾರವೂ ಆಮೇಲಿನದು. ಮಾತ್ರೆ ಬಿಟ್ಟ ಮರುದಿನ ಬಿಪಿ ಏರಲಿಲ್ಲವೆಂದು ಬೀಗುವುದೂ ಬೇಡ, ಹಳೆಯ ದಾಸ್ತಾನು ಇನ್ನೂ ಕೆಲಸ ಮಾಡುತ್ತಿದೆ. ಅದು ಕರಗಿದ ಮೇಲೆ ಬಿಪಿ ಸದ್ದಿಲ್ಲದೆ ಹಳೆಯ ಜಾಗಕ್ಕೆ ಮರಳುತ್ತದೆ. 180 ಆದರೂ ಎಷ್ಟೋ ಜನಕ್ಕೆ ತಲೆನೋವಿರುವುದಿಲ್ಲ, ತಲೆಸುತ್ತೂ ಇರುವುದಿಲ್ಲ.

ಇದೇ ನಿಧಾನದಿಂದ ಉಪಕಾರವೂ ಇದೆ. ಒಂದು ದಿನ ಮರೆತರೆ ಮುಳುಗುವಂಥದ್ದೇನಿಲ್ಲ. ಸಂಜೆಯೊಳಗೆ ನೆನಪಾದರೆ ತೆಗೆದುಕೊಳ್ಳಿ, ಮರುದಿನವೇ ನೆನಪಾದರೆ ಅಂದಿನದನ್ನು ಮಾತ್ರ ತೆಗೆದುಕೊಳ್ಳಿ. ತಪ್ಪಿದ್ದಕ್ಕೆ ಸೇರಿಸಿ ಎರಡು ನುಂಗಬೇಡಿ. ಊಟದ ಹಿಂದೆಮುಂದೆ ಎಂಬ ಕಟ್ಟುಪಾಡಿಲ್ಲ. ಏಕಾದಶಿ ಉಪವಾಸವಿದ್ದರೂ ನೀರಿನೊಂದಿಗೆ ನುಂಗಬಹುದು, ರಂಜಾನಿನಲ್ಲಿ ಉಪವಾಸ ಬಿಡುವ ಹೊತ್ತಿಗೆ ಬದಲಿಸಿಕೊಳ್ಳಬಹುದು. ಬೆಳಿಗ್ಗೆಯೋ ರಾತ್ರಿಯೋ ಎಂಬ ಚರ್ಚೆಗೆ 2022ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ತೆರೆ ಎಳೆಯಿತು. 21,104 ಮಂದಿಯನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ಗಮನಿಸಿದಾಗ, ಬಿಪಿ ಮಾತ್ರೆಯನ್ನು ಯಾವ ಹೊತ್ತಿನಲ್ಲಿ ತೆಗೆದುಕೊಂಡರೂ ಹೃದಯಾಘಾತ, ಪಾರ್ಶ್ವವಾಯುವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ತೆಗೆದುಕೊಳ್ಳುವ ಹೊತ್ತೇ ಸರಿಯಾದ ಹೊತ್ತು.

ಕಾಲು ಬಾತಾಗ

ಜನ ಈ ಮಾತ್ರೆಯನ್ನು ಶಪಿಸುವುದಿದ್ದರೆ ಅದು ಕಾಲಿನ ಊತಕ್ಕೆ. ಬೆಳಿಗ್ಗೆ ಸರಿಯಾಗಿದ್ದ ಪಾದ ಸಂಜೆಗೆ ಚಪ್ಪಲಿಗೆ ಬಿಗಿಯಾಗುತ್ತದೆ. ಕಾಲುಚೀಲ ತೆಗೆದರೆ ಅದರ ಎಲಾಸ್ಟಿಕ್ಕಿನ ಗೆರೆ ಚರ್ಮದಲ್ಲಿ ಆಳಕ್ಕೆ ಕೂತಿರುತ್ತದೆ. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಒತ್ತಿ ತೆಗೆದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ. 'ಕಿಡ್ನಿ ಹೋಯಿತು' ಎಂಬ ಭಯ ಮೊದಲು ಬರುತ್ತದೆ. 'ಈ ಇಂಗ್ಲಿಷ್ ಮಾತ್ರೆಯಿಂದಲೇ ಆಯಿತು' ಎಂದು ಪಕ್ಕದ ಮನೆಯವರು ಒಗ್ಗರಣೆ ಹಾಕುತ್ತಾರೆ.

ಬಹಳ ಸಲ ಅದು ಕಿಡ್ನಿಯದಲ್ಲ. ಮಾತ್ರೆ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸುತ್ತದೆ, ರಕ್ತ ವಾಪಸು ಒಯ್ಯುವ ನಾಳಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ನಡುವಿನ ಲೋಮನಾಳಗಳಲ್ಲಿ ಒತ್ತಡ ಏರಿ ನೀರಿನಂಶ ಹೊರಗೆ ಜಿನುಗುತ್ತದೆ, ಭೂಮಿ ಕಡೆಗೆ ಇರುವ ಪಾದಕ್ಕೆ ಇಳಿಯುತ್ತದೆ. ದೇಹದಲ್ಲಿ ನೀರು ಹೆಚ್ಚಿ ಆದ ಊತ ಇದಲ್ಲ. ಆದ್ದರಿಂದಲೇ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರೆ ಊತ ಹೋಗುವುದಿಲ್ಲ, ಬದಲಿಗೆ ರಕ್ತದ ಸೋಡಿಯಂ, ಪೊಟ್ಯಾಶಿಯಂ ಏರುಪೇರಾಗುತ್ತವೆ. ಆ ಏರುಪೇರಿಗೆ ಇನ್ನೊಂದು ಮಾತ್ರೆ ಸೇರುತ್ತದೆ. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ರೋಗವೆಂದುಕೊಂಡು ಮಾತ್ರೆಗಳ ಸಾಲು ಬೆಳೆಸುವ ಈ ಅಭ್ಯಾಸಕ್ಕೆ ಅಮ್ಲೋಡಿಪಿನ್ ಪಠ್ಯಪುಸ್ತಕದ ಉದಾಹರಣೆಯಾಗಿದೆ.

ಊತ ಡೋಸ್ ನೋಡಿಕೊಂಡು ಬರುತ್ತದೆ. ಆರಂಭಿಕ ಪರೀಕ್ಷೆಗಳಲ್ಲಿ ದಿನಕ್ಕೆ 2.5 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇ 1.8, 5 ಮಿಲಿಗ್ರಾಂನಲ್ಲಿ ಶೇ 3, 10 ಮಿಲಿಗ್ರಾಂನಲ್ಲಿ ಶೇ 10.8 ಮಂದಿಗೆ ಊತ ಕಂಡಿತ್ತು. ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು. ಪರಿಹಾರವೂ ಇಲ್ಲೇ ಇದೆ: ಡೋಸ್ ತಗ್ಗಿಸಿ, ಜೊತೆಗೆ ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್‌ನಂಥ ಮಾತ್ರೆ ಸೇರಿಸುವುದು. ಇವು ರಕ್ತ ವಾಪಸು ಒಯ್ಯುವ ನಾಳಗಳನ್ನೂ ಹಿಗ್ಗಿಸುವುದರಿಂದ ಊತ ಇಳಿಯುತ್ತದೆ. ಇಲ್ಲವೇ ಜಪಾನಿನಿಂದ ಬಂದ ಸಿಲ್ನಿಡಿಪಿನ್‌ಗೆ ಬದಲಿಸಬಹುದು, ಅದರಲ್ಲಿ ಊತ ಕಡಿಮೆ. ಆದರೆ ಊತದ ಜೊತೆಗೆ ಏದುಸಿರು, ರಾತ್ರಿ ಮಲಗಲಾಗದಷ್ಟು ಉಬ್ಬಸ, ಮುಖದ ಊತ ಇದ್ದರೆ ಅಥವಾ ಒಂದೇ ಕಾಲು ಬಾತಿದ್ದರೆ ಮಾತ್ರೆಯ ಮೇಲೆ ಹೊರಿಸಿ ಸುಮ್ಮನಿರಬಾರದು. ಆಗ ಹೃದಯ, ಕಿಡ್ನಿ, ಕಾಲಿನ ರಕ್ತನಾಳ ಎಲ್ಲವನ್ನೂ ಪರೀಕ್ಷಿಸಬೇಕು.

ಉಳಿದ ತೊಂದರೆಗಳು ಸಣ್ಣವು. ಆರಂಭದ ದಿನಗಳಲ್ಲಿ ಮುಖ ಬಿಸಿಯೇರುವುದು, ತಲೆನೋವು, ಎದೆ ಡವಗುಟ್ಟುವುದು ಕೆಲವರಿಗೆ ಉಂಟು. ವೆರಪಮಿಲ್‌ನಿಂದ ಮಲಬದ್ಧತೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರ ಒಸಡು ದಪ್ಪಗಾಗಿ ಹಲ್ಲಿನ ಮೇಲೆ ಏರುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಬಿಪಿಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಹೇಳುವುದು ಇದಕ್ಕೇ.

ಎದೆನೋವಿನ ಲೆಕ್ಕ ಬೇರೆ

ಇದೇ ಔಷಧವನ್ನು ಆಂಜೈನಾಕ್ಕೂ ಕೊಡುತ್ತಾರೆ. ಮೆಟ್ಟಿಲು ಹತ್ತುವಾಗ, ಊಟವಾದ ಮೇಲೆ ಬಿರುಸಾಗಿ ನಡೆವಾಗ ಎದೆಯ ನಡುವೆ ಹಿಂಡಿದಂತಾಗುವುದು, ಅದು ದವಡೆಗೋ ಎಡತೋಳಿಗೋ ಹರಿಯುವುದು, ನಿಂತು ಸುಧಾರಿಸಿಕೊಂಡರೆ ನಾಲ್ಕೈದು ನಿಮಿಷದಲ್ಲಿ ಹೋಗುವುದು ಇದರ ಗುರುತು. ಹೃದಯಕ್ಕೆ ರಕ್ತ ಕೊಡುವ ನಾಳ ಕಿರಿದಾಗಿದೆ, ಕೇಳಿದಷ್ಟು ರಕ್ತ ಸಿಗುತ್ತಿಲ್ಲ. ಅಮ್ಲೋಡಿಪಿನ್ ಒಂದು ಕಡೆ ದೇಹದ ನಾಳಗಳನ್ನು ಸಡಿಲಿಸಿ ಹೃದಯದ ದುಡಿಮೆ ತಗ್ಗಿಸುತ್ತದೆ, ಇನ್ನೊಂದು ಕಡೆ ಹೃದಯದ್ದೇ ನಾಳಗಳನ್ನು ಹಿಗ್ಗಿಸುತ್ತದೆ. ಡಿಲ್ಟಿಯಾಜೆಮ್ ಕೊಟ್ಟರೆ ಬಡಿತವೂ ನಿಧಾನವಾಗಿ ದುಡಿಮೆ ಇನ್ನಷ್ಟು ಕಡಿಮೆಯಾಗುತ್ತದೆ.

ಶ್ರಮವೇ ಇಲ್ಲದೆ ನಡುರಾತ್ರಿ, ಬೆಳಗಿನ ಜಾವ ಬರುವ ಆಂಜೈನಾ ಒಂದಿದೆ. ಅಮೆರಿಕದ ಮೈರನ್ ಪ್ರಿಂಜ್‌ಮೆಟಲ್ 1959ರಲ್ಲಿ ಅದನ್ನು ವಿವರಿಸಿದ. ಅಲ್ಲಿ ಹೃದಯದ ನಾಳ ಒಮ್ಮೆಲೇ ಸೆಟೆದುಕೊಂಡು ಮುಚ್ಚುತ್ತದೆ. ಬೀಟಾ ಬ್ಲಾಕರ್ ಅದನ್ನು ಹೆಚ್ಚಿಸಬಹುದು. ಅದಕ್ಕೆ ನೇರ ಮದ್ದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳೇ.

ಆದರೆ ಎದೆನೋವು ಶುರುವಾದ ಗಳಿಗೆಯಲ್ಲಿ ಅಮ್ಲೋಡಿಪಿನ್ ನುಂಗಿ ಕಾಯುತ್ತಾ ಕೂತರೆ ಅದರ ಗರಿಷ್ಠ ಫಲ ಸಿಗುವುದು ಸಂಜೆಗೆ. ಅದು ನೋವು ಬರುವುದನ್ನು ಕಡಿಮೆ ಮಾಡುವ ಮದ್ದು, ಬಂದ ನೋವನ್ನು ನಿಲ್ಲಿಸುವ ಮದ್ದಲ್ಲ. ಆ ಗಳಿಗೆಗೆ ಡಾಕ್ಟರು ಕೊಟ್ಟ ಸಾರ್ಬಿಟ್ರೇಟನ್ನು ನಾಲಿಗೆಯಡಿ ಇಡಬೇಕು, ಅದೂ ಕೂತುಕೊಂಡು. ನಿಂತಿದ್ದರೆ ಬಿಪಿ ಇಳಿದು ತಲೆಸುತ್ತಿ ಬೀಳಬಹುದು. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಕರೆ ಮಾಡಿ. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳೂ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಕೇಂದ್ರಗಳ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಬೇಗ ಹೋದವರಿಗೇ ಅದರ ಲಾಭ.

ಇನ್ನೊಂದು ಮಾತು. ನೋವು ಕಡಿಮೆಯಾಯಿತೆಂದರೆ ಬ್ಲಾಕ್ ಕರಗಿತು ಎಂದಲ್ಲ. ಆಸ್ಪಿರಿನ್, ಕೊಬ್ಬಿನ ಮಾತ್ರೆ, ಬೀಡಿ-ಸಿಗರೇಟು ಬಿಡುವುದು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಇರಲೇಬೇಕು.

ದೊಡ್ಡ ಪರೀಕ್ಷೆಗಳು ಹೇಳಿದ್ದು

ನಿಫೆಡಿಪಿನ್ ಗಲಾಟೆಯ ನಂತರ ಇಡೀ ಗುಂಪಿನ ಮೇಲೆಯೇ ಅನುಮಾನದ ನೆರಳು ಬಿದ್ದಿತ್ತು. ಅದನ್ನು ಬಿಡಿಸಿದ್ದು ದೊಡ್ಡ ಅಧ್ಯಯನಗಳು. 2002ರಲ್ಲಿ ಬಂದ ಆಲ್‌ಹ್ಯಾಟ್‌ನಲ್ಲಿ 33,357 ಮಂದಿ ಇದ್ದರು. ಹೃದಯಾಘಾತ ತಡೆಯುವುದರಲ್ಲಿ ಅಮ್ಲೋಡಿಪಿನ್, ಮೂತ್ರ ಹೆಚ್ಚಿಸುವ ಹಳೆಯ ಮಾತ್ರೆ ಕ್ಲೋರ್‌ಥಾಲಿಡೋನ್‌ಗೆ ಸರಿಸಮ ನಿಂತಿತು. ಹೃದಯ ಸೋಲುವುದನ್ನು ತಡೆಯುವುದರಲ್ಲಿ ಮಾತ್ರ ಹಿಂದೆ ಬಿತ್ತು. 2005ರ ಆಸ್ಕಾಟ್‌ನಲ್ಲಿ 19,257 ಮಂದಿ. ಅಟೆನೊಲಾಲ್ ಎಂಬ ಬೀಟಾ ಬ್ಲಾಕರ್ ಆಧಾರದ ಚಿಕಿತ್ಸೆಗಿಂತ ಅಮ್ಲೋಡಿಪಿನ್ ಆಧಾರದ ಚಿಕಿತ್ಸೆ ಪಡೆದವರಲ್ಲಿ ಪಾರ್ಶ್ವವಾಯು ಶೇ 23ರಷ್ಟು ಕಡಿಮೆಯಿತ್ತು. ಭಾರತದಲ್ಲೇ ಸುಮಾರು 2,000 ಮಂದಿಯ ಮೇಲೆ ನಡೆದ ಟಾಪ್‌ಸ್ಪಿನ್ ಅಧ್ಯಯನ ಮೂರು ಜೋಡಿ ಮಾತ್ರೆಗಳನ್ನು ಹೋಲಿಸಿತು. ಅವುಗಳಲ್ಲಿ ಎರಡು ಜೋಡಿಯಲ್ಲಿ ಅಮ್ಲೋಡಿಪಿನ್ ಇತ್ತು. ಮೂರೂ ಹೆಚ್ಚೂಕಡಿಮೆ ಒಂದೇ ಸಮ ಬಿಪಿ ಇಳಿಸಿದವು.

ಇಂಥ ಅಧ್ಯಯನಗಳಿಂದ ಬಂದ ಇನ್ನೊಂದು ತಿಳಿವಳಿಕೆ ರೋಗಿಗಳಿಗೆ ಉಪಯೋಗದ್ದು. ಒಂದೇ ಮಾತ್ರೆಯ ಡೋಸ್ ದುಪ್ಪಟ್ಟು ಮಾಡುವುದಕ್ಕಿಂತ ಬೇರೆ ಗುಂಪಿನ ಇನ್ನೊಂದು ಮಾತ್ರೆಯನ್ನು ಸಣ್ಣ ಡೋಸಿನಲ್ಲಿ ಸೇರಿಸಿದರೆ ಬಿಪಿ ಸುಮಾರು ಐದು ಪಟ್ಟು ಹೆಚ್ಚು ಇಳಿಯುತ್ತದೆ. 'ಒಂದು ಮಾತ್ರೆ ಇದ್ದದ್ದು ಎರಡಾಯಿತು, ಬಿಪಿ ಉಲ್ಬಣಿಸಿತು' ಎಂದು ಹೆದರಬೇಕಿಲ್ಲ. ಕಾಲಿನ ಊತದ ದೃಷ್ಟಿಯಿಂದಲೂ ಅದೇ ಒಳ್ಳೆಯದು.

ಸ್ಟ್ರಿಪ್ಪಿನ ಸಣ್ಣ ಅಕ್ಷರ

ಆದರೆ ಮಾತ್ರೆ ಎರಡಾದಾಗ ಗೊಂದಲವೂ ಎರಡಾಗುತ್ತದೆ. ಸ್ಟ್ರಿಪ್ಪನ್ನು ತಿರುಗಿಸಿ ನೋಡಿ. ದಪ್ಪಕ್ಷರದಲ್ಲಿರುವುದು ಕಂಪನಿಯ ಹೆಸರಿಟ್ಟ ಬ್ರ್ಯಾಂಡು. ಅದರ ಕೆಳಗೋ ಮೇಲೋ ಸಣ್ಣಕ್ಷರದಲ್ಲಿ ನಿಜವಾದ ಔಷಧದ ಹೆಸರು, ಮಿಲಿಗ್ರಾಂ ಇರುತ್ತದೆ. ಬ್ರ್ಯಾಂಡಿನ ಬಾಲದಲ್ಲಿ 'ಎಎಂ' ಇದ್ದರೆ ಸಾಮಾನ್ಯವಾಗಿ ಅದರೊಳಗೆ ಅಮ್ಲೋಡಿಪಿನ್ ಸೇರಿದೆ ಎಂದು. ಊರಿನ ಡಾಕ್ಟರು ಬರೆದ ಅಮ್ಲೋಡಿಪಿನ್ ಮನೆಯಲ್ಲಿದೆ, ಬೆಂಗಳೂರಿನ ಹೃದಯ ತಜ್ಞರು ಬರೆದ 'ಎಎಂ' ಮಾತ್ರೆಯೂ ಬಂದಿದೆ. ಬಣ್ಣ ಬೇರೆ, ಹೆಸರು ಬೇರೆ ಎಂದು ಅಜ್ಜಿ ಎರಡನ್ನೂ ನುಂಗುತ್ತಾರೆ. ಹದಿನೈದು ದಿನಕ್ಕೆ ಕಾಲು ಬಾತು, ಎದ್ದರೆ ತಲೆಸುತ್ತು. ಇನ್ನೊಂದು ಬಗೆ: 'ಎಸ್-ಅಮ್ಲೋಡಿಪಿನ್ 2.5' ಎಂಬುದು ಸಾಮಾನ್ಯ ಅಮ್ಲೋಡಿಪಿನ್ 5ಕ್ಕೆ ಸಮ. 'ಇದರಲ್ಲಿ ಪವರ್ ಅರ್ಧವೇ ಇದೆ' ಎಂದು ಎರಡು ನುಂಗಿದರೆ ಡೋಸ್ ದುಪ್ಪಟ್ಟಾಗುತ್ತದೆ.

ಜೋಡಿ ಮಾತ್ರೆಯಲ್ಲಿ ಅಮ್ಲೋಡಿಪಿನ್ ಜೊತೆಗೆ ಅಟೆನೊಲಾಲ್ ಇದ್ದರೆ ಅದನ್ನು ಥಟ್ಟನೆ ನಿಲ್ಲಿಸಲೇಬಾರದು. ಅಟೆನೊಲಾಲ್ ಹಠಾತ್ತನೆ ನಿಂತರೆ ಹೃದಯದ ಬಡಿತ ಏರಿ, ಆಂಜೈನಾ ಇರುವವರಿಗೆ ನೋವು ಮರುಕಳಿಸಿ, ಹೃದಯಾಘಾತದವರೆಗೂ ಹೋಗಬಹುದು.

ಬೇರೆ ಔಷಧಗಳ ಜೊತೆಗಿನ ತಿಕ್ಕಾಟವೂ ಗಮನದಲ್ಲಿರಲಿ. ಕೆಮ್ಮು-ಕಫಕ್ಕೆ, ಹೊಟ್ಟೆಹುಣ್ಣಿಗೆ ಕೊಡುವ ಕ್ಲಾರಿಥ್ರೋಮೈಸಿನ್ ಆಂಟಿಬಯಾಟಿಕ್ ಈ ಮಾತ್ರೆಗಳು ಲಿವರ್‌ನಲ್ಲಿ ಕರಗುವುದನ್ನು ತಡೆದು, ವಯಸ್ಸಾದವರ ಬಿಪಿಯನ್ನು ಅತಿಯಾಗಿ ಇಳಿಸಬಹುದು. ಇಂಥದೇ ಕೆಲಸ ಗ್ರೇಪ್‌ಫ್ರೂಟ್ ಹಣ್ಣಿನ ರಸವೂ ಮಾಡುತ್ತದೆ. ಕೆನಡಾದ ಡೇವಿಡ್ ಬೈಲಿ ಇದೇ ಗುಂಪಿನ ಫೆಲೋಡಿಪಿನ್ ಮೇಲೆ ಪರೀಕ್ಷೆ ನಡೆಸುವಾಗ, ಮದ್ಯದ ರುಚಿ ಮರೆಮಾಚಲೆಂದು ಕೊಟ್ಟ ಈ ರಸದಿಂದಲೇ ಔಷಧದ ಮಟ್ಟ ಏರಿದ್ದು ಆಕಸ್ಮಿಕವಾಗಿ ಗೊತ್ತಾಯಿತು. ಗ್ರೇಪ್‌ಫ್ರೂಟ್ ನಮ್ಮ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ತಳಿ, ಚಕ್ಕೋತದಲ್ಲೂ ಆ ಬಗೆಯ ಅಂಶಗಳಿವೆ. ಅಮ್ಲೋಡಿಪಿನ್ ಮೇಲೆ ಈ ಪರಿಣಾಮ ಅಲ್ಪ. ದೇವನಹಳ್ಳಿ ಚಕ್ಕೋತದ ನಾಲ್ಕು ತೊಳೆ ತಿಂದರೆ ಗಾಬರಿ ಬೇಡ. ನಿಫೆಡಿಪಿನ್, ವೆರಪಮಿಲ್ ತೆಗೆದುಕೊಳ್ಳುವವರು ದಿನಾ ಲೋಟಗಟ್ಟಲೆ ಅದರ ರಸ ಕುಡಿಯುವುದು ಬೇಡ.

ಮಾತ್ರೆ ಇದೆಯೆಂದು ಉಪ್ಪಿನ ಡಬ್ಬಿಗೆ ರಜೆ ಕೊಡದಿರುವುದೂ ತಪ್ಪೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚೆಗಿಂತ ತುಸು ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಯ ಉಪ್ಪೂ ಅದರಲ್ಲೇ ಸೇರಬೇಕು.

ಓದುಗರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಮುಂದಿನ ಸಲ ಬಿಪಿ ನೋಡಿಸಲು ಹೋಗುವಾಗ ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ, ಅರ್ಧ ಉಳಿದವು, ಬಿಟ್ಟವು, ಬೇರೆ ಡಾಕ್ಟರು ಬರೆದವು ಸೇರಿಸಿ, ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂದಿನ ಮಾತ್ರೆಯನ್ನು ತಪ್ಪಿಸದೆ ನುಂಗಿಯೇ ಹೋಗಿ. ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಇದ್ದರೂ ನೀರಿನೊಂದಿಗೆ ನುಂಗಲು ಅಡ್ಡಿಯಿಲ್ಲ. ಅಳೆಯುವ ಮೊದಲು ಐದು ನಿಮಿಷ ಮಾತಾಡದೆ ಕೂತಿರಿ. ಆಮೇಲೆ ಮೂರು ಪ್ರಶ್ನೆ ಕೇಳಿ: ಇವುಗಳಲ್ಲಿ ಒಂದೇ ಔಷಧ ಎರಡು ಸಲ ಬಂದಿದೆಯೇ? ಯಾವುದನ್ನು ಥಟ್ಟನೆ ನಿಲ್ಲಿಸಬಾರದು? ಕಾಲು ಬಾತರೆ ಏನು ಮಾಡಬೇಕು? ಉತ್ತರವನ್ನು ಚೀಟಿಯ ಹಿಂಬದಿಯಲ್ಲಿ ಬರೆಸಿಕೊಳ್ಳಿ. ಬಿಪಿ ಸರಿಯಾಗಿದೆ ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ಬಿಡುವ, ಬದಲಿಸುವ ಮಾತನ್ನು ಡಾಕ್ಟರ ಮುಂದೆ ಆಡಿ, ಮೆಡಿಕಲ್ ಶಾಪಿನ ಕೌಂಟರಿನಲ್ಲಲ್ಲ.